ಎದೆಯೊಳಗಿನ ಸಾಕ್ಷಿ

ನೀರು ತುಂಬಿಸುವುದು, ಅತ್ತೆಯ ಸ್ನಾನಕ್ಕೆ ಕಾಯಿಸುವುದು, ಪಾತ್ರೆ ತಿಕ್ಕುವುದು, ನೆನೆಹಾಕಿದ ಬಟ್ಟೆ ಹಿಂಡಿ ಹರವುವುದು, ಮೂರು ಡಬ್ಬಿಗಾಗುವಷ್ಟು ಅಡುಗೆ, ಗಂಡನ ಅಂಗಿಗೆ ಇಸ್ತ್ರಿ. ಬೆಳಕು ಹರಿಯುವ ಮೊದಲೇ ಟೈಲರಕ್ಕ ಇಷ್ಟನ್ನೂ ಮುಗಿಸುತ್ತಿದ್ದಳು. ಹೃದಯ ಕೈಕೊಟ್ಟು, ಎದೆಯ ಚರ್ಮದಡಿ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ ಹಾಕಿಸಿಕೊಂಡು ಬಂದ ಮೇಲೂ ಇದರಲ್ಲಿ ಒಂದೂ ಕಡಿಮೆಯಾಗಲಿಲ್ಲ. ನಿಂತದ್ದು ಅವಳ ಹೊಲಿಗೆ ಅಂಗಡಿ ಮಾತ್ರ.

ಬಡಿತ ದಿಕ್ಕೆಟ್ಟರೆ ಆ ಯಂತ್ರ ಒಳಗಿನಿಂದಲೇ ಕರೆಂಟು ಹೊಡೆದು ದಾರಿಗೆ ತರುತ್ತದೆ. ಅಯಸ್ಕಾಂತ ಹತ್ತಿರ ಬೇಡ ಎಂದಿದ್ದರು ಡಾಕ್ಟರು. ಬಿದ್ದ ಗುಂಡುಸೂಜಿ ಆರಿಸಲು ಇಟ್ಟುಕೊಂಡಿದ್ದ ಅಯಸ್ಕಾಂತವನ್ನು ಅವಳು ಅಂದೇ ಬಿಸಾಡಿದಳು. ಆದರೂ ಹೊಲಿಗೆ ಮೆಷೀನಿನ ಪೆಡಲ್ ಒತ್ತಿದ್ದೇ ತಡ, ಎದೆಗೆ ಯಾರೋ ಒದ್ದಂತಾಯಿತು. ಮರುದಿನವೂ ಹಾಗೇ. ಮೂರನೇ ದಿನ ಅಂಗಡಿ ಬಾಗಿಲಿಂದಲೇ ವಾಪಸು ಬಂದಳು.

"ಮೋಟರಲ್ಲೂ ಅಯಸ್ಕಾಂತ ಇರುತ್ತೆ ಕಣೆ. ಮೆಷೀನು ಮಾರಿಬಿಡೋಣ, ಮನೇಲಿ ಆರಾಮಾಗಿರು," ಎಂದ ಗಂಡ.

ಆರಾಮು ಎಂಬ ಮಾತಿಗೆ ಅವಳು ತಿಕ್ಕುತ್ತಿದ್ದ ಬಾಣಲೆಗೂ ನಗು ಬಂದಿರಬೇಕು.

ಎಂಟು ತಿಂಗಳು ಅಂಗಡಿ ಮುಚ್ಚಿತ್ತು. ಮೆಷೀನು ಕೊಳ್ಳುವವನೂ ಗೊತ್ತಾದ, ತಿಂಗಳ ಕೊನೆಯ ಭಾನುವಾರ ಬಂದು ಒಯ್ಯುತ್ತೇನೆಂದ. ಅಷ್ಟರಲ್ಲಿ ತಪಾಸಣೆಯ ದಿನ ಬಂತು. ಆಸ್ಪತ್ರೆಯಲ್ಲಿ ಎದೆಯ ಯಂತ್ರದ ದಾಖಲೆ ಓದುವ ಹುಡುಗಿ ಪರದೆ ನೋಡಿ ಹುಬ್ಬೇರಿಸಿದಳು.

"ಅಕ್ಕ, ಇದು ಒಂದೇ ಸಲ ಹೊಡೆದಿದೆ. ಹೋದ ತಿಂಗಳು ಹನ್ನೊಂದನೇ ತಾರೀಖು, ಬೆಳಿಗ್ಗೆ ಐದೂ ಹತ್ತಕ್ಕೆ. ಏನ್ ಮಾಡ್ತಿದ್ರಿ?"

"ನೀರಿನ ಕೊಡ ಎತ್ತಿದ್ದೆ. ಕಣ್ಣು ಕತ್ತಲೆ ಬಂದು ಬಿದ್ದೆ. ಹಸಿವಿಗೆ ಇರಬೇಕು ಅಂದ್ರು ಅತ್ತೆ. ಎದ್ದು ಡಬ್ಬಿ ಕಟ್ಟಿದೆ."

"ಡಬ್ಬಿ ಕಟ್ಟಿದ್ರಾ!"

ಗಂಡ ಗೋಡೆಯ ಮೇಲಿನ ಹೃದಯದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಮತ್ತೆ ಅಂಗಡೀಲಿ ಹೊಡೆದದ್ದು?" ಎಂದಳು ಟೈಲರಕ್ಕ.

"ಅಲ್ಲಿ ಹೊಡೆದೇ ಇಲ್ಲಕ್ಕ."

"ಹಾಗಾದ್ರೆ ನಾನು ಸುಳ್ಳು ಹೇಳಿದ್ನಾ? ತಲೆ ಕೆಟ್ಟಿದೆಯಾ ನಂಗೆ?"

"ಎರಡೂ ಅಲ್ಲ. ಭಯ ಗಟ್ಟಿಯಾದ್ರೆ ಮೈಗೆ ಹೊಡೆದ ಹಾಗೇ ಅನ್ಸುತ್ತೆ. ಎಷ್ಟೋ ಜನಕ್ಕೆ ಆಗುತ್ತೆ. ಅದಕ್ಕೂ ಚಿಕಿತ್ಸೆ ಇದೆ, ಗುರುವಾರ ಬನ್ನಿ."

ಡಾಕ್ಟರು ಮಾತ್ರೆ ಬದಲಿಸಿದರು. ಮೋಟರು ಎದೆಯಿಂದ ಒಂದು ಮೊಳ ದೂರವಿದ್ದರೆ ಸಾಕು, ಕೊಡ ಮಾತ್ರ ಮುಟ್ಟಬಾರದು ಎಂದರು.

ಮೂರು ಗುರುವಾರ ಹೋದಳು. ಒದ್ದಂತಾದರೂ ಓಡಬೇಡಿ, ಕೂತಲ್ಲೇ ಕೂತಿದ್ದರೆ ಭಯ ತಾನಾಗಿ ಇಳಿಯುತ್ತದೆ ಎಂದು ಹೇಳಿಕೊಟ್ಟರು. ಅಲ್ಲಿ ಇವಳಂತೆಯೇ ಯಂತ್ರ ಹಾಕಿಸಿಕೊಂಡವರಿದ್ದರು: ಸ್ನಾನಕ್ಕೆ ಹೆದರುವ ಬಸ್ ಡ್ರೈವರಿದ್ದ, ಎಡಮಗ್ಗುಲಿಗೆ ಹೊರಳಲು ಹೆದರುವ ಮೇಡಂ ಇದ್ದರು. "ನನ್ನ ಭಯ ನೀವು ತಗೊಳ್ಳಿ, ನಿಮ್ಮದು ನಂಗೆ ಕೊಡಿ," ಎಂದು ಡ್ರೈವರು ಅಂದಾಗ ಅವಳು ಎಷ್ಟೋ ದಿನದ ಮೇಲೆ ಹೊಟ್ಟೆ ಹುಣ್ಣಾಗುವಂತೆ ನಕ್ಕಳು.

ಮನೆಯಲ್ಲಿ ಕೊಡ ಗಂಡನ ಪಾಲಿಗೆ ಬಂತು. ಅತ್ತೆಗೆ ತಡೆಯಲಾಗಲಿಲ್ಲ. "ಗಂಡಸಿನ ಕೈಲಿ ನೀರು ಹೊರಿಸ್ತೀಯಲ್ಲೇ!"

"ಎತ್ತಿದ್ದು ಯಾರು ಅಂತ ಕೊಡಕ್ಕೆ ಗೊತ್ತಾಗಲ್ಲ ಬಿಡಿ ಅತ್ತೆ."

ಗಂಡ ಸೊಂಟ ಹಿಡಿದುಕೊಂಡೇ ಹೇಳಿದ: "ಭಾನುವಾರದೊಳಗೆ ಕೂತು ಹೊಲಿದ್ರೆ ಮೆಷೀನು ಇರಲಿ. ಇಲ್ಲಾಂದ್ರೆ ಕೊಳ್ಳೋನು ಬಂದು ಒಯ್ತಾನೆ."

ಶನಿವಾರ ಮಧ್ಯಾಹ್ನ ಮನೆಯವರನ್ನು ಯಾರನ್ನೂ ಕರೆಯದೆ ಹೋಗಿ ಅಂಗಡಿಯ ಷಟರ್ ಎತ್ತಿಸಿದಳು. ಎತ್ತಿಕೊಟ್ಟ ಪಕ್ಕದ ಅಂಗಡಿಯವನನ್ನು ಕಳಿಸಿ ಧೂಳು ಒರೆಸಿದಳು, ಎಣ್ಣೆ ಬಿಟ್ಟಳು, ಸೂಜಿಗೆ ದಾರ ಪೋಣಿಸಿದಳು. ಒಂದು ತುಂಡು ಬಟ್ಟೆಯಿಟ್ಟು ಪೆಡಲ್ ಒತ್ತಿದಳು.

ಎದೆಗೆ ಧಡ್ಡನೆ ಒದ್ದಂತಾಯಿತು.

ಅವಳು ಕಾಲು ತೆಗೆಯಲಿಲ್ಲ.