ಮಾಗಡಿಯ ಹಿತ್ತಲಿಂದ ಒಂದು ಕೂಗು

ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಸಾರ. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಹೇಳಿಕೊಟ್ಟವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ‘ಸತ್ತ ಅಜ್ಜಿ ಕನಸಲ್ಲಿ ಬಂದು ಹೇಳಿದ್ರು’ ಎಂದು ಶುರು ಮಾಡಿದರೆ, ಉತ್ತರ ಪತ್ರಿಕೆಗಳ ಕಟ್ಟು ಎತ್ತಿಕೊಂಡು ಎದ್ದು ಹೋಗುತ್ತಿದ್ದೆ. ನನಗೆ ಕೊಬ್ಬು ಎಂದು ಹಿಂದಿನಿಂದ ಆಡಿಕೊಂಡದ್ದೂ ಕಿವಿಗೆ ಬಿದ್ದಿದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಗುವುದಾದರೆ ನಗಿ, ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಗುತ್ತಿದ್ದೆ.

ನಮ್ಮ ಯಜಮಾನರು ಪುಟ್ಟಸ್ವಾಮಿ ಹುಟ್ಟಿದ್ದು ಕನಕಪುರದಾಚೆ, ಅರ್ಕಾವತಿ ಹೋಗಿ ಕಾವೇರಿಗೆ ಸೇರುವ ಸಂಗಮದ ಹತ್ತಿರ. ಅವರಪ್ಪ ಅಲ್ಲಿ ತೆಪ್ಪ ಹಾಕಿ ಜನರನ್ನು ಹೊಳೆ ದಾಟಿಸುತ್ತಿದ್ದರು. ಇವರು ಹದಿನೆಂಟಕ್ಕೇ ನೌಕಾಪಡೆ ಸೇರಿ, ಹದಿನೈದು ವರ್ಷ ಹಡಗಿನಲ್ಲಿದ್ದು, ವಾಪಸು ಬಂದು ಮಾಗಡಿಯಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟರು. ಹಡಗಿನಲ್ಲಿದ್ದರು ಎಂದರೆ ಅಂಗಡಿಗೆ ಬರುವ ರೈತರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಆದರೆ ಇವರಿದ್ದದ್ದು ಕೆಳಗೆ ಇಂಜಿನ್ ರೂಮಿನಲ್ಲಿ. ಸಮುದ್ರವನ್ನು ನಿಮಗಿಂತ ಹೆಚ್ಚಾಗಿ ಮುರುಡೇಶ್ವರಕ್ಕೆ ಟೂರು ಹೋದ ನನ್ನ ಶಾಲೆಯ ಮಕ್ಕಳು ನೋಡಿದ್ದಾರೆ ಎಂದು ನಾನು ರೇಗಿಸುತ್ತಿದ್ದೆ.

ನಾಲ್ಕು ವರ್ಷದ ಹಿಂದೆ, ಅವರ ಜೊತೆ ಅದೇ ಇಂಜಿನ್ ರೂಮಿನಲ್ಲಿದ್ದ ಕಾರವಾರದ ಫ್ರಾನ್ಸಿಸ್ ಫೋನು ಮಾಡಿದರು. ಅವರ ಹತ್ತಿರ ಒಂದು ಹಳೆಯ ಹಾಯಿದೋಣಿ ಇತ್ತು. ಮಗಳನ್ನು ಮಲ್ಪೆಗೆ ಕೊಟ್ಟಿದ್ದರು, ತಾವೂ ಅಲ್ಲಿಗೇ ಹೋಗಿ ಇರುವವರಿದ್ದರು. ದೋಣಿಯನ್ನು ಲಾರಿಯಲ್ಲಿ ಹೇರಿಕೊಂಡು ಹೋಗಲು ಅವರಿಗೆ ಮನಸ್ಸಿಲ್ಲ. ಹಗಲು ಹಾಯಿ ಬಿಚ್ಚಿ ಹೋಗುವುದು, ರಾತ್ರಿ ಯಾವುದಾದರೂ ಬಂದರಿನಲ್ಲಿ ತಂಗುವುದು, ಐದು ದಿನದ ದಾರಿ, ನೀನೂ ಬಾ ಎಂದರು. ಫೋನು ಇಟ್ಟ ಮೇಲೆ ನಮ್ಮವರ ಮುಖ ನೋಡಬೇಕಿತ್ತು. ಐವತ್ತಾರರ ಗಂಡಸು, ಹೊಸ ಸೈಕಲ್ ಕೊಡಿಸಿದ ಹುಡುಗನ ಹಾಗೆ ನಿಂತಿದ್ದರು. ಹೋಗಿ ಬನ್ನಿ ಎಂದುಬಿಟ್ಟೆ.

ಆ ಕರಾವಳಿಯ ಸಣ್ಣ ಬಂದರುಗಳು ಇಬ್ಬರಿಗೂ ಗೊತ್ತಿರಲಿಲ್ಲ. ದೊಡ್ಡ ಹಡಗು ದಡದಿಂದ ದೂರ ಹೋಗುತ್ತದೆ, ಸಣ್ಣ ದೋಣಿ ದಡದ ಮಗ್ಗುಲಲ್ಲೇ ಹೋಗಬೇಕು. ಹಾಗಾಗಿ ಪ್ರಯಾಣದ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಂತು. ಬೇಲೂರು ಹಳೇಬೀಡಿಗೆ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಮಾಡುತ್ತಿದ್ದೆನಲ್ಲ, ಹಾಗೇ ಮಾಡಿದೆ. ಎಷ್ಟು ಹೊತ್ತಿಗೆ ಹೊರಡುವುದು, ಎಲ್ಲಿ ಊಟ, ಎಲ್ಲಿ ತಂಗುವುದು, ಅಲ್ಲಿ ಆಗದಿದ್ದರೆ ಇನ್ನೆಲ್ಲಿ. ಕಾರವಾರ ಬಿಟ್ಟು ಮೊದಲ ರಾತ್ರಿ ತದಡಿ, ಎರಡನೆಯದು ಹೊನ್ನಾವರ, ಆಮೇಲೆ ಭಟ್ಕಳ, ಗಂಗೊಳ್ಳಿ, ಕೊನೆಗೆ ಮಲ್ಪೆ. ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಹದಿನೈದು ದಿನ ನಾವು ನೆಲದ ಮೇಲೆ ಕೂತು ಉಂಡೆವು.

ಆಗ ನನಗೆ ತಿಳಿದ ಒಂದು ವಿಷಯವಿದೆ. ನಮ್ಮ ಕಡೆಯವರ ಲೆಕ್ಕದಲ್ಲಿ ಹೊಳೆ ಮುಂದೆ ಹೋದಷ್ಟೂ ಆಳ. ಆದರೆ ಹೊಳೆ ಸಮುದ್ರ ಸೇರುವ ಬಾಯಿ, ಅಲ್ಲಿಯವರು ಅಳಿವೆ ಎನ್ನುತ್ತಾರೆ, ಅಲ್ಲೇ ಮರಳು ಗುಡ್ಡೆ ಹಾಕಿಕೊಂಡು ನೀರು ತೆಳ್ಳಗಾಗಿರುತ್ತದಂತೆ. ಉಬ್ಬರದ ಹೊತ್ತಿಗೆ ಸರಿಯಾಗಿ ಹೋದರೆ ದೋಣಿ ಒಳಗೆ ಜಾರುತ್ತದೆ. ಇಳಿತದಲ್ಲಿ ಹೋದರೆ ತಳ ಮರಳಿಗೆ ಕಚ್ಚುತ್ತದೆ, ಹಿಂದಿನಿಂದ ಬರುವ ಅಲೆ ಅದನ್ನು ಮಗುಚಿ ಹಾಕುತ್ತದೆ. ತದಡಿಯದು ಇಳಿತದಲ್ಲೂ ನಡೆಯುತ್ತದೆ, ಹೊನ್ನಾವರದ ಅಳಿವೆಯೇ ಕಷ್ಟದ್ದು ಎಂದು ಫ್ರಾನ್ಸಿಸ್ ಮೀನುಗಾರರಿಂದ ಕೇಳಿ ಎಚ್ಚರಿಸಿದ್ದರು. ಉಬ್ಬರದ ವೇಳಾಪಟ್ಟಿ ತರಿಸಿಕೊಂಡು, ಸಂಜೆ ಐದೂವರೆಗೆ ನೀರು ತುಂಬಿರುವಾಗಲೇ ಒಳಗೆ ಹೋಗುವ ಹಾಗೆ ನಾನು ಗಂಟೆ ಹೊಂದಿಸಿದೆ. ಹೊರಡುವ ಹಿಂದಿನ ದಿನ ಚುಕ್ಕಾಣಿ ಕೆಟ್ಟು, ರಿಪೇರಿಗೆಂದು ಪ್ರಯಾಣ ಆರು ದಿನ ಮುಂದೆ ಹೋಯಿತು. ನಾನು ಪಟ್ಟಿಯಲ್ಲಿ ತಾರೀಕುಗಳನ್ನು ತಿದ್ದಿ ಕಳಿಸಿಕೊಟ್ಟೆ.

ಅತ್ತೆಗೆ ಮಾತ್ರ ನಾವು ಇದನ್ನು ಹೇಳಲಿಲ್ಲ. ಮಗ ಮೋಟಾರು ಸಾಮಾನು ತರಲು ಕೊಯಮತ್ತೂರಿಗೆ ಹೋಗಿದ್ದಾನೆ ಎಂದು ಕೈಸನ್ನೆಯಲ್ಲಿ ಸುಳ್ಳು ಹೇಳಿದೆವು. ಸನ್ನೆ ಏಕೆಂದರೆ ಅವರಿಗೆ ಆರೇಳು ವರ್ಷದಿಂದ ಕಿವಿ ಪೂರ್ತಿ ಹೋಗಿತ್ತು. ತಂದುಕೊಟ್ಟ ಕಿವಿ ಮಿಷನ್ನನ್ನು ‘ಇದ್ರೊಳ್ಗೆ ಜೀರುಂಡೆ ಕುಂತೈತೆ’ ಎಂದು ಟ್ರಂಕಿನಲ್ಲಿ ಹಾಕಿಬಿಟ್ಟಿದ್ದರು. ಸುಳ್ಳು ಏಕೆಂದರೆ, ನೀರು ಎಂಬ ಮಾತೇ ಅವರಿಗೆ ಆಗುತ್ತಿರಲಿಲ್ಲ.

ಸಂಗಮದಲ್ಲಿ ಅವರ ಮನೆಯದೊಂದು ಕಟ್ಟಳೆ ಇತ್ತು. ಮಾವ ಸಂಜೆ ಜನರನ್ನು ದಾಟಿಸಿ ಬಿಟ್ಟು, ಆಚೆ ದಡದಲ್ಲಿ ನಿಂತು ಮನೆ ಕಡೆಗೆ ಕೂಗುತ್ತಿದ್ದರು. ಈಚೆ ದಡದ ಬಂಡೆಯ ಕೆಳಗಿನ ಸೆಳವು ಅಲ್ಲಿಂದ ಕಾಣುವುದಿಲ್ಲ. ಅತ್ತೆ ಬಂಡೆಯ ಮೇಲೆ ಹೋಗಿ ನೀರು ನೋಡಿ ‘ಬಾ’ ಎನ್ನಬೇಕು, ಇಲ್ಲ ‘ತಡಿ’ ಎನ್ನಬೇಕು. ಓ ಎನ್ನುವವರಿಲ್ಲದೆ ತೆಪ್ಪ ಬಿಡಬಾರದು. ಒಂದು ಸಂಜೆ ಅತ್ತೆಗೆ ಜ್ವರ ಬಂದು ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದರು. ಮಾವ ಕೂಗಿ ಕೂಗಿ, ಕತ್ತಲಾಗುತ್ತದೆಂದು ತೆಪ್ಪ ಬಿಟ್ಟರು. ಮೂರನೇ ದಿನ ಅವರ ಹೆಣ ಸಿಕ್ಕಿತು. ಅಂದಿನಿಂದ ಅತ್ತೆ ಸಂಗಮದ ಕಡೆ ತಲೆ ಹಾಕಿ ಮಲಗಿದವರಲ್ಲ. ಮಗನನ್ನು ಹಿಂಬಾಲಿಸಿ ಹೊಳೆಯೇ ಇಲ್ಲದ ಮಾಗಡಿಗೆ ಬಂದುಬಿಟ್ಟರು.

ಮೊದಲ ರಾತ್ರಿ ತದಡಿಯಿಂದ ಫೋನು ಬಂತು. ಸುಖವಾಗಿದ್ದೇವೆ, ಮೀನು ಸಾರು ಉಂಡೆವು, ನಿನ್ನ ಪಟ್ಟಿ ಭಲೇ ಇದೆ ಎಂದರು. ಮರುದಿನ ಶಾಲೆಯಿಂದ ಬಂದು, ಕಾಫಿ ಕುಡಿದು, ಭಟ್ಕಳದ ಹೊತ್ತನ್ನು ಇನ್ನೊಮ್ಮೆ ನೋಡೋಣವೆಂದು ಉಬ್ಬರದ ವೇಳಾಪಟ್ಟಿ ತೆಗೆದೆ. ಆಗ ಕಣ್ಣಿಗೆ ಬಿತ್ತು. ಉಬ್ಬರದ ಹೊತ್ತು ದಿನಾ ಮುಕ್ಕಾಲು ಗಂಟೆಗೂ ಹೆಚ್ಚು ಮುಂದೆ ಹೋಗುತ್ತದೆ. ನಾನು ತಾರೀಕು ತಿದ್ದಿದ್ದೆ, ಗಂಟೆ ತಿದ್ದಿರಲಿಲ್ಲ. ಕುದೂರಿನ ಬಸ್ಸು ಸೋಮವಾರವೂ ಆರೂ ಹತ್ತಕ್ಕೆ, ಶನಿವಾರವೂ ಆರೂ ಹತ್ತಕ್ಕೆ. ಸಮುದ್ರವನ್ನೂ ಹಾಗೇ ಎಂದುಕೊಂಡುಬಿಟ್ಟಿದ್ದೆ. ಆರು ದಿನಕ್ಕೆ ಐದು ಗಂಟೆ ವ್ಯತ್ಯಾಸ. ಐದೂವರೆಗೆ ಹೊನ್ನಾವರದ ಅಳಿವೆಯಲ್ಲಿ ನೀರು ತುಂಬಿರುವುದಿರಲಿ, ಆಗಷ್ಟೇ ತಳ ಕಂಡಿರುತ್ತದೆ. ಗೋಡೆ ಗಡಿಯಾರದಲ್ಲಿ ಐದೂ ನಲವತ್ತು.

ಅವರಿಗೆ ಫೋನು ಮಾಡಿದೆ, ಸಿಗಲಿಲ್ಲ. ಫ್ರಾನ್ಸಿಸ್‌ಗೆ ಮಾಡಿದೆ, ಅದೂ ಸಿಗಲಿಲ್ಲ. ಮತ್ತೆ ಮತ್ತೆ ಮಾಡಿದೆ. ನನ್ನ ಅಕ್ಷರದಲ್ಲಿರುವ ಹಾಳೆ ಹಿಡಿದುಕೊಂಡು, ನನ್ನನ್ನು ನಂಬಿ ಅವರು ಮರಳಿನ ಬಾಯಿಗೆ ಹೋಗುತ್ತಿದ್ದಾರೆ. ಅಳಲೂ ಬರಲಿಲ್ಲ. ಹಾಗೇ ಕುರ್ಚಿಯಲ್ಲಿ ಕೂತೆ.

ಅತ್ತೆ ಬೀದಿ ಬಾಗಿಲ ಹತ್ತಿರ ನನಗೆ ಬೆನ್ನು ಹಾಕಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರ ಕೈ ನಿಂತಿತು. ತಲೆ ಎತ್ತಿ ಹಿತ್ತಲ ಕಡೆ ತಿರುಗಿದರು. ಮಂಡಿನೋವಿನಿಂದ ನನ್ನ ಕೈ ಹಿಡಿಯದೆ ಏಳದವರು, ಮೊರ ಸರಿಸಿ ತಾವೇ ಎದ್ದರು, ನನ್ನನ್ನು ದಾಟಿಕೊಂಡು ಹೋಗಿ ಹಿತ್ತಲ ಬಾಗಿಲ ಅಗುಳಿ ತೆಗೆದರು. ಮೆಟ್ಟಿಲ ಮೇಲೆ ನಿಂತು ಹಣೆಗೆ ಕೈ ಅಡ್ಡ ಹಿಡಿದು ದೂರ ನೋಡಿದರು. ಎದುರಿಗಿದ್ದದ್ದು ಪಕ್ಕದ ಮನೆ ಜಯಮ್ಮನ ಕಾಂಪೌಂಡು, ಒಂದು ಹಲಸಿನ ಮರ, ಕಟ್ಟಿಹಾಕಿದ ಹಸು. ಆಮೇಲೆ ಕೂಗಿದರು. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮುದುಕಿಯ ದನಿಯೇ ಅಲ್ಲ ಅದು.

“ತಡೀ… ತಡಿ ಮಗಾ… ನೀರು ಬರ್ಲೀ…”

ಮೂರು ಸಲ ಕೂಗಿದರು. ಹಸು ತಿರುಗಿ ನೋಡಿತು. ಜಯಮ್ಮ ಗೋಡೆಯ ಮೇಲಿಂದ ಇಣುಕಿ, “ಏನ್ ಮೇಡಂ, ಅಜ್ಜಿ ಯಾರ್‍ನ ಕೂಗ್ತಾವ್ರೆ?” ಎಂದಳು. ಅತ್ತೆ ಒಂದು ಗಳಿಗೆ ಕಿವಿಗೊಟ್ಟು ನಿಂತಿದ್ದು, ಅಗುಳಿ ಹಾಕಿ ಬಂದು ಮತ್ತೆ ಮೊರದ ಮುಂದೆ ಕೂತರು. ನಾನು ಅವರ ಎದುರು ಕುಕ್ಕರಿಸಿ, ಏನು, ಯಾರು ಎಂದು ಕೈಯಲ್ಲಿ ಕೇಳಿದೆ.

“ಯಾರೋ ಆಚೆ ದಡದಲ್ಲಿ ಕೂಗ್ತಾ ಇದ್ರು ಕಣವ್ವ,” ಎಂದರು. “ಓ ಅನ್ನೋಕೆ ಒಬ್ರಾದ್ರೂ ಇರಬ್ಯಾಡ್ವಾ?”

ಆಗ ಗಡಿಯಾರ ನೋಡಿದೆ. ಆರಕ್ಕೆ ಹತ್ತು ನಿಮಿಷ ಇತ್ತು. ಆ ರಾತ್ರಿ ಹೇಗೆ ಕಳೆಯಿತೆಂದು ಬರೆಯಲಾರೆ. ಅತ್ತೆ ಮಾತ್ರ ಮುದ್ದೆ ಉಂಡು ಮಗುವಿನ ಹಾಗೆ ಮಲಗಿದರು.

ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಫೋನು ಬಂತು. ನಾನು ಹಲೋ ಎನ್ನುವುದರೊಳಗೆ ಅವರು ಕೇಳಿದ್ದು, “ಅವ್ವ ಹೆಂಗವ್ಳೆ?”

ಚೆನ್ನಾಗಿದ್ದಾರೆ ಎಂದೆ.

“ಸುಳ್ಳು ಹೇಳ್ಬ್ಯಾಡ ಕಣೆ. ಅವ್ವ ಅವ್ಳಾ?”

ಇದ್ದಾರೆ, ಮೊಸರು ಹುಳಿಯಾಗಿದೆ ಅಂತ ನನ್ನ ಮೇಲೆ ಜಗಳಕ್ಕೆ ಬಂದವ್ರೆ ಎಂದೆ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡ ಅಳುವುದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಮುಂದಿನ ಅಳಿವೆಗಳಿಗೆ ನನ್ನ ಪಟ್ಟಿ ಬಿಟ್ಟು ಆಯಾ ಊರಿನ ಮೀನುಗಾರರನ್ನೇ ಕೇಳಿಕೊಂಡು ಮಲ್ಪೆ ಮುಟ್ಟಿದರು. ಮನೆಗೆ ಬಂದ ಮೇಲೆ ಎಲ್ಲ ಹೇಳಿದರು. ಅತ್ತೆ ಕೂಗಿದ ಸಂಗತಿಯ ಬಗ್ಗೆ ನಾನು ಬೇಕೆಂದೇ ಬಾಯಿ ಬಿಟ್ಟಿರಲಿಲ್ಲ. ಅಳಿವೆಯ ಮುಂದೆ ಬಂದಾಗ ಬಿಳಿ ನೊರೆಯ ಗೆರೆಯೊಂದು ಕಂಡಿತಂತೆ. ಪಟ್ಟಿಯ ಪ್ರಕಾರ ನೀರು ತುಂಬಿರಬೇಕು, ನಡಿ ಎಂದರಂತೆ ಫ್ರಾನ್ಸಿಸ್. ಇವರಿಗೆ ಅಪ್ಪನ ನೆನಪಾಗಿ, ಸುಮ್ಮನೆ, ಬಾಯಿಗೆ ಕೈ ಅಡ್ಡ ಕೊಟ್ಟು ದಡದ ಕಡೆ ಒಮ್ಮೆ ಕೂಗಿದರಂತೆ. ಫ್ರಾನ್ಸಿಸ್ ನಕ್ಕರಂತೆ. ಆಗ ಅವ್ವನ ದನಿಯಲ್ಲಿ, ತಡಿ ಮಗಾ, ನೀರು ಬರ್ಲಿ ಎಂದು ಕೇಳಿಸಿತಂತೆ. ಫ್ರಾನ್ಸಿಸ್‌ಗೆ ಏನೂ ಕೇಳಿಸಲಿಲ್ಲ. ಇವರು ಲಂಗರು ಹಾಕಿಬಿಟ್ಟರು. ಜಗಳವಾಯಿತು, ರಾತ್ರಿಯೆಲ್ಲ ಹೊರಗೇ ಅಲೆಯ ಮೇಲೆ ಹೊರಳಾಡಿದರು. ಬೆಳಿಗ್ಗೆ ನೀರು ಏರಿದ ಮೇಲೆ ಮೀನುಗಾರರ ದೋಣಿಯೊಂದರ ಹಿಂದೆ ಒಳಗೆ ಹೋದರು. ನಿನ್ನೆ ಸಂಜೆ ಬಂದಿದ್ದರೆ ಹಲಗೆಯೂ ಸಿಗುತ್ತಿರಲಿಲ್ಲ ಎಂದು ಆ ಮೀನುಗಾರರೇ ಹೇಳಿದರಂತೆ. ಲಂಗರು ಹಾಕಿದ ಹೊತ್ತನ್ನು ಫ್ರಾನ್ಸಿಸ್ ಹಳೆಯ ಅಭ್ಯಾಸದಂತೆ ಬರೆದಿಟ್ಟಿದ್ದರು. ಆರಕ್ಕೆ ಐದು ನಿಮಿಷ.

ತಪ್ಪು ನನ್ನದೆಂದು ನಾನು ಒಪ್ಪಿಕೊಂಡೆ. “ನಿನ್ ಬಾಯಲ್ಲಿ ಲೆಕ್ಕ ತಪ್ತು ಅಂತ ಕೇಳೋಕೆ ಸಮುದ್ರಕ್ಕೇ ಹೋಗ್ಬೇಕಾಯ್ತು,” ಎಂದು ನಕ್ಕುಬಿಟ್ಟರು.

ನಾನು ಸುಮ್ಮನೆ ನಂಬಿಬಿಟ್ಟವಳಲ್ಲ. ಕಿವಿ ಕೇಳದವರು ಮುಖ ಚೆನ್ನಾಗಿ ಓದುತ್ತಾರೆ, ನನ್ನ ಗಾಬರಿ ಅವರಿಗೆ ಗೊತ್ತಾಗಿರಬಹುದು ಎಂದುಕೊಂಡೆ. ಆದರೆ ಅವರು ಬೆನ್ನು ಹಾಕಿ ಕೂತಿದ್ದರು. ಹಳೆಯ ನೆನಪು ಕೆದರಿರಬಹುದು. ಕೆದರಲಿ, ನೀರು ಬರಲಿ ಎಂಬ ಮಾತು ಏಕೆ? ಸಂಗಮದಲ್ಲಿ ಅವರು ಹೆದರುತ್ತಿದ್ದದ್ದು ನೀರು ಏರುವುದಕ್ಕೆ. ಅಲ್ಲಿ ನೀರು ಇಳಿಯಲಿ ಎನ್ನಬೇಕೇ ಹೊರತು ಬರಲಿ ಎನ್ನುವಂತಿಲ್ಲ. ನಮ್ಮವರಿಗೆ ಹಕ್ಕಿಯ ಕೂಗೋ ಗಾಳಿಯೋ ಹಾಗೆ ಕೇಳಿಸಿರಬಹುದು. ಒಂದೊಂದನ್ನೇ ತೆಗೆದುಕೊಂಡರೆ ಉತ್ತರ ಬರುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟರೆ ನನ್ನ ಗಣಿತ ಕೈ ಚೆಲ್ಲುತ್ತದೆ.

ಅತ್ತೆ ಹೋದ ವರ್ಷ ಮಾಘದಲ್ಲಿ ತೀರಿಕೊಂಡರು. ನೋವಿಲ್ಲದ ಸಾವು, ಮಗನ ಕೈಯಲ್ಲಿ ನೀರು ಕುಡಿದು ಹೋದರು.

ಈ ಸಲ ಅವರೆಕಾಯಿ ಕಾಲ ಬರುವ ಮುಂಚೆಯೇ ಫ್ರಾನ್ಸಿಸ್ ಫೋನು ಮಾಡಿದ್ದಾರೆ. ಮಲ್ಪೆಯಿಂದ ತೆಂಕಲಿಗೆ, ಕಾಸರಗೋಡಿನವರೆಗೆ ಹೋಗೋಣವೇ ಎಂದು. ನಮ್ಮವರ ಮುಖ ಮತ್ತೆ ಹಾಗೇ ಆಗಿದೆ. ನಾನು ಹೊಸ ಪಟ್ಟಿ ಮಾಡಿದ್ದೇನೆ. ಪ್ರತಿ ಅಳಿವೆಯ ಉಬ್ಬರವನ್ನೂ ಮೂರು ಮೂರು ಸಲ ತಾಳೆ ನೋಡಿದ್ದೇನೆ, ಒಂದು ನಿಮಿಷವೂ ತಪ್ಪಿಲ್ಲ. ಆದರೂ ಸಂಜೆಯಾದರೆ ಸುಮ್ಮನಿರಲಾಗದೆ ಹಿತ್ತಲ ಬಾಗಿಲು ತೆಗೆದು ನಿಲ್ಲುತ್ತೇನೆ. ಜಯಮ್ಮನ ಹಸು ಬಿಟ್ಟರೆ ಏನೂ ಕೇಳುವುದಿಲ್ಲ. ನನ್ನ ಕಿವಿ ಸರಿಯಾಗಿಯೇ ಇದೆ.

ಪಟ್ಟಿ ಮುಗಿದು ಮೂರು ವಾರವಾಯಿತು. ಎಲ್ಲಿ ಎಂದು ನಮ್ಮವರು ದಿನಾ ಕೇಳುತ್ತಾರೆ. ಇನ್ನೂ ಕೊಟ್ಟಿಲ್ಲ.