ಎಕ್ಸ್‌ರೇ ನಿಲ್ಲಿಸಿದ ಗಿರಿಜಾ ಮೇಡಂ

ಕೆಟ್ಟ ಯಂತ್ರ ತಾನಾಗಿ ಸರಿಹೋಯಿತು ಎಂದರೆ ಎಲ್ಲರೂ ಖುಷಿಪಡುತ್ತಾರೆ. ಗಿರಿಜಾ ಮೇಡಂ ಸಿಟ್ಟಾಗುತ್ತಿದ್ದರು. ನಮ್ಮ ಲ್ಯಾಬಿನಲ್ಲಿ ಯಾರಾದರೂ "ರೀಸ್ಟಾರ್ಟ್ ಮಾಡಿದೆ, ಸರಿ ಆತ್ರಿ" ಅಂದರೆ ಕನ್ನಡಕವನ್ನು ಹಣೆಗೇರಿಸಿ, "ಸರಿ ಆಗಿಲ್ಲ, ಸುಮ್ನಾಗ್ಯದ. ಎರಡೂ ಬ್ಯಾರೆ. ಹೋಗು, ಮತ್ತ ಕೆಡಿಸ್ಕೊಂಡು ಬಾ" ಎನ್ನುತ್ತಿದ್ದರು. ಹುಡುಗರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಆದರೆ ಹೋಗಿ ಕೆಡಿಸಿಕೊಂಡೇ ಬರುತ್ತಿದ್ದರು.

ರಾಯಚೂರಿನ ಆ ಇಂಜಿನಿಯರಿಂಗ್ ಕಾಲೇಜಿಗೆ ನಾನು ಹೊಸ ಮೇಷ್ಟ್ರಾಗಿ ಸೇರಿದಾಗ ಅವರಿಗೆ ಆಗಲೇ ತಲೆ ನರೆತಿತ್ತು. ಮಾನ್ವಿಯ ಬಟ್ಟೆ ವ್ಯಾಪಾರಿಯ ಮಗಳು. ಗಂಜಿ ಹಾಕಿದ ಕಾಟನ್ ಸೀರೆ, ಹೆಗಲಿಗೆ ಗಂಡಸರು ಹಾಕುವಂಥ ದಪ್ಪ ಚೀಲ, ಅದರೊಳಗೆ ಲ್ಯಾಪ್‌ಟಾಪು, ಸ್ಕ್ರೂಡ್ರೈವರು, ಶೇಂಗಾ ಚಟ್ನಿಯ ಡಬ್ಬಿ. ಅಟೆಂಡರ್ ಜೊತೆ ತೆಲುಗು, ಆಟೋದವರ ಜೊತೆ ಉರ್ದು, ನಮ್ಮ ಜೊತೆ ನಮ್ಮ ಕನ್ನಡ. ನಾನು ಗಿಲ್ಲೆಸುಗೂರಿನಿಂದ ಬಸ್ಸಿಗೆ ಬರುವವನು. ಬಸ್ಸು ತಡವಾದ ದಿನ ನನ್ನ ಮೊದಲ ತರಗತಿಯನ್ನು ಅವರೇ ತೆಗೆದುಕೊಂಡು, ನಾನು ಬೆವರುತ್ತ ಒಳಬಂದರೆ, "ಬಾರಪ್ಪ ಶರಣು, ನಿನ್ನ ಹುಡುಗರನ್ನ ಬೆಚ್ಚಗ ಇಟ್ಟೀನಿ" ಎಂದು ಸೀಮೆಸುಣ್ಣ ಕೈಗಿಡುತ್ತಿದ್ದರು.

ಪಾಠ ಮಾಡುವುದು ಅವರ ಅರ್ಧ ಕೆಲಸ. ಉಳಿದರ್ಧ ಕರ್ನಲ್. ಕಂಪ್ಯೂಟರಿನ ಯಂತ್ರಭಾಗಗಳಿಗೂ ನಾವು ಬಳಸುವ ಪ್ರೋಗ್ರಾಂಗಳಿಗೂ ನಡುವೆ ನಿಂತು, ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ ಎಂದು ಹಂಚುವ ಕೋಡ್ ಅದು. ಜಗತ್ತಿನ ನಾನಾ ಕಡೆಯ ಜನ ಸೇರಿ ಬಹಿರಂಗವಾಗಿ ಬರೆಯುವ ಒಂದು ಕರ್ನಲ್ಲಿಗೆ ಮೇಡಂ ವರ್ಷಗಟ್ಟಲೆ ಸಣ್ಣಪುಟ್ಟ ತಿದ್ದುಪಡಿ ಕಳಿಸುತ್ತ ಬಂದಿದ್ದರು. ಅದರ ಬಗ್ಗೆ ಸ್ಟಾಫ್ ರೂಮಿನಲ್ಲಿ ಅವರು ಮಾತೆತ್ತಿದ್ದನ್ನು ನಾನು ಕೇಳಿಲ್ಲ.

ಒಂದು ದಿನ ದೇವದುರ್ಗದಿಂದ ಡಾಕ್ಟರ್ ವಿರುಪಾಕ್ಷಿ ಫೋನ್ ಮಾಡಿದರು. ಅಲ್ಲಿ ಅವರದೊಂದು ಸಣ್ಣ ದವಾಖಾನೆ. ಎಕ್ಸ್‌ರೇ ಯಂತ್ರಕ್ಕೆ ನಮ್ಮದೇ ಹಳೆಯ ವಿದ್ಯಾರ್ಥಿಯೊಬ್ಬ ಕಂಪ್ಯೂಟರ್ ಜೋಡಿಸಿಕೊಟ್ಟಿದ್ದ. ಅದು ಹಳೆಯದಾಯಿತೆಂದು ಡಾಕ್ಟರು ಹೆಚ್ಚು ಮೆಮರಿಯ ಹೊಸ ಕಂಪ್ಯೂಟರ್ ತಂದು, ಹಳೆಯದರಲ್ಲಿದ್ದ ಎಕ್ಸ್‌ರೇ ಕಾರ್ಡನ್ನು ಅದಕ್ಕೆ ಹಾಕಿಸಿದ್ದರು. ಯಂತ್ರದಿಂದ ಚಿತ್ರವನ್ನು ಕಂಪ್ಯೂಟರಿಗೆ ಸಾಗಿಸುವುದು ಆ ಕಾರ್ಡಿನ ಕೆಲಸ. ಅಂದಿನಿಂದ ಆಗೊಮ್ಮೆ ಈಗೊಮ್ಮೆ ಚಿತ್ರದಲ್ಲಿ ಪಟ್ಟೆ ಬರುತ್ತಿತ್ತು.

"ಬಂದ್ ಮಾಡಿ ಚಾಲೂ ಮಾಡಿದ್ರ ಸರಿ ಆಗ್ತದ್ರಿ ಮೇಡಂ" ಎಂದರು ಡಾಕ್ಟರು.

"ನಾಳಿ ಬರ್ತೀವಿ. ಪಟ್ಟಿ ಬಂದ ಚಿತ್ರ ಅಳಿಸಬ್ಯಾಡ್ರಿ" ಎಂದರು ಮೇಡಂ.

ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸಿಗೆ ಹೋದೆವು. ದವಾಖಾನೆಯ ಹುಡುಗಿ ನಗುತ್ತ ಒಂದು ಚಿತ್ರ ತೆರೆದು ತೋರಿಸಿದಳು. ಅದು ಗಂಡಸಿನ ಹೆಸರಿದ್ದ, ಗಟ್ಟಿ ಆಳೊಬ್ಬನ ಎದೆ. ಆದರೆ ಕೆಳಗಿನ ಪಟ್ಟೆಯಲ್ಲಿ ತಾಳಿಯ ಎರಡು ಗುಂಡು ಬೆಳ್ಳಗೆ ಹೊಳೆಯುತ್ತಿದ್ದವು. "ಗಂಡಸಿಗೆ ತಾಳಿ ಕಟ್ಟ್ಯದ ನೋಡ್ರಿ ನಮ್ಮ ಮಿಷಿನ್ನು" ಎಂದಳು. ನನಗೂ ನಗು ಬಂತು. ಮೇಡಂ ನಗಲಿಲ್ಲ. ಹತ್ತಿರ ಬಗ್ಗಿ ನೋಡುತ್ತ ನಿಂತವರು ನೆಟ್ಟಗಾಗಿ, "ಡಾಕ್ಟ್ರೇ, ಎಕ್ಸ್‌ರೇ ನಿಲ್ಲಸ್ರಿ" ಎಂದರು.

ಹೊರಗೆ ಬೆಂಚಿನ ತುಂಬ ಜನ ಕೂತಿದ್ದರು. ಡಾಕ್ಟರ ಮುಖ ಬಿಗಿಯಾಯಿತು.

"ಹ್ಯಾಂಗ ನಿಲ್ಲಸ್ಲಿ? ಇವರನ್ನೆಲ್ಲ ರಾಯಚೂರಿಗೆ ಕಳಸ್ಲೇನು?"

"ಕಳಸ್ರಿ. ತಾಳಿ ಇತ್ತಂತ ನಮಗ ಗೊತ್ತಾತು. ತಾಳಿ ಇಲ್ಲದ ಪಟ್ಟಿ ಬಂದಿದ್ರ ಯಾರ ಎದಿ ಯಾರದು ಅಂತ ಹ್ಯಾಂಗ ಹೇಳ್ತಿದ್ರಿ?"

ಡಾಕ್ಟರು ಹೊರಗೆ ಹೋಗಿ ಜನರಿಗೆ ತಾವೇ ಹೇಳಿ ಬಂದರು.

ಆಮೇಲೆ ಮೇಡಂ ತಮ್ಮ ಪದ್ಧತಿಯಂತೆ ಕೆಡಿಸಲು ಕೂತರು. ಮೆಮರಿಯ ಕೆಳಗಿನ ಭಾಗವನ್ನೆಲ್ಲ ಬೇರೆ ಪ್ರೋಗ್ರಾಂಗಳಿಂದ ತುಂಬಿಸಿ, ಖಾಲಿ ಮೇಜಿನ ಮೇಲೆ ಒಂದು ಬೀಗದಕೈ ಇಟ್ಟು ಚಿತ್ರ ತೆಗೆಸಿದರು. ಬೀಗದಕೈ ಬರಲೇ ಇಲ್ಲ. ಹಿಂದಿನ ದಿನದ ಯಾರದೋ ಪಕ್ಕೆಲುಬು ಬಂತು. ಇನ್ನೊಮ್ಮೆ ತೆಗೆಸಿದರು, ಮತ್ತೆ ಹಾಗೇ. ಕನ್ನಡಕ ಹಣೆಗೇರಿತು. "ಸಿಕ್ತು" ಎಂದರು.

ಡಾಕ್ಟರಿಗೆ ಅವರು ಬಿಡಿಸಿ ಹೇಳಿದ ರೀತಿ ನನಗೆ ಇಂದಿಗೂ ಪಾಠ ಮಾಡಲು ನೆರವಾಗುತ್ತದೆ. "ಮೆಮರಿ ಅಂದ್ರ ಒಂದು ಓಣಿ ಅನ್ಕೋರಿ. ಮನಿ ಮನಿಗೂ ನಂಬರ್ ಅದ. ಈ ಕಾರ್ಡು ಕೊನೀ ಮೂರ ಅಂಕಿ ಅಷ್ಟ ಓದೂ ಪೋಸ್ಟ್‌ಮ್ಯಾನ್. ಹಳೀ ಕಂಪ್ಯೂಟರ್‌ನ್ಯಾಗ ಓಣಿ ಸಣ್ಣದಿತ್ತು, ನಡೀತು. ಈಗ ಓಣಿ ಬೆಳದದ. ಸಾವಿರದ ಇಪ್ಪತ್ನಾಲ್ಕನೇ ಮನಿಗೆ ಕೊಡು ಅಂದ್ರ ಅದು ಮೊದಲಿನ ಅಂಕಿ ಬಿಟ್ಟು ಇಪ್ಪತ್ನಾಲ್ಕನೇ ಮನ್ಯಾಗ ಹಾಕಿ ಬರ್ತದ. ನೀವು ಸಾವಿರದ ಇಪ್ಪತ್ನಾಲ್ಕರ ಬಾಗಲಾ ತೆಗದು ನೋಡ್ತೀರಿ. ಅಲ್ಲಿ ಹಿಂದಿನವರ ಸಾಮಾನು ಹಂಗ ಬಿದ್ದಿರ್ತದ."

"ಅಂದ್ರ ಕಾರ್ಡು ಕೆಟ್ಟದ?"

"ಕಾರ್ಡಿಗೆ ಬೈಬ್ಯಾಡ್ರಿ. ತನ್ನ ಕೈ ಎಲ್ಲಿ ಮಟ ಮುಟ್ತದ ಅಂತ ಕರ್ನಲ್ಲಿಗೆ ಹೇಳೂ ಕೆಲಸ ಅದರ ಡ್ರೈವರ್, ಅಂದ್ರ ಕಾರ್ಡು ನಡಸೂ ಪ್ರೋಗ್ರಾಂ, ಬರದವರದು. ಅವರು ಎಲ್ಲಾ ಕಡೆ ಮುಟ್ತದ ಅಂತ ಬರದಾರ. ಈ ಹಳೀ ಮಾದರಿಗೆ ಅದು ಸುಳ್ಳು."

ಹೆಚ್ಚಿನ ಮೆಮರಿಯನ್ನು ಕಿತ್ತಿಟ್ಟರು. ಬೀಗದಕೈ ಸರಿಯಾಗಿ ಬಂತು. ಡಾಕ್ಟರು ನಿಟ್ಟುಸಿರು ಬಿಟ್ಟು ಚಹಾ ತರಿಸಿದರು. ಮೇಡಂ ಚಹಾ ಮುಟ್ಟದೆ, "ಹೊಸ ಕಂಪ್ಯೂಟರ್ ಬಂದಾಗಿಂದ ಎದಿ ಚಿತ್ರ ತೆಗಿಸಿದವರನ್ನೆಲ್ಲ ಮತ್ತ ಕರೀಬೇಕ್ರಿ" ಎಂದರು.

"ನನ್ನ ಹೆಸರು ಏನಾಗಬೇಕ್ರಿ ಮೇಡಂ? ಈ ಊರಾಗ ನಾನು ಬಾಳೇವು ಮಾಡಬೇಕು."

"ನೀವು ಕರದ್ರಿ ಅಂತ ಹೆಸರು ಬರ್ತದ. ನಾ ಬೇಕಾದ್ರ ಕುಂತು ಫೋನ್ ಮಾಡ್ತೀನಿ. ತಪ್ಪು ಯಂತ್ರದ್ದು ಅಂತ ನಾನ ಹೇಳ್ತೀನಿ."

ಹಾಗೇ ಮಾಡಿದರು. ಬಹಳ ಜನ ಬಂದರು, ಬಹಳ ಜನರ ಎದೆ ಮೊದಲು ಹೇಳಿದಂತೆಯೇ ಇತ್ತು. ಹುಸೇನಪ್ಪ ಎಂಬ ಆಟೋದವನೊಬ್ಬ ಮಾತ್ರ ಫೋನಿನಲ್ಲಿ ರೇಗಿದ. "ಒಮ್ಮೆ ಚಲೋ ಅದ ಅಂದ್ರಿ, ಈಗ ಮತ್ತ ಬಾ ಅಂತೀರಿ. ನನಗ ದಂಧೆ ಇಲ್ಲೇನ್ರಿ?" ಮಾತಿನ ನಡುವೆ ಕೆಮ್ಮು. ಮೇಡಂ ಫೋನಿಟ್ಟು, ಚೀಲ ಹೆಗಲಿಗೇರಿಸಿ, ನನ್ನನ್ನೂ ಎಬ್ಬಿಸಿಕೊಂಡು ಆಟೋ ಸ್ಟ್ಯಾಂಡಿಗೆ ನಡೆದರು. ಹೆಸರು ಹಿಡಿದು ಕೇಳಿ, ಅವನದೇ ಆಟೋ ಹತ್ತಿ, "ದವಾಖಾನಿಗೆ ನಡಿಯಪ್ಪ" ಎಂದರು. ದವಾಖಾನೆಯ ಮುಂದೆ ಇಳಿದಾಗಲೇ ತಾವು ಯಾರೆಂದು ಹೇಳಿದ್ದು. ಅವನು ಅವರನ್ನೇ ದಿಟ್ಟಿಸಿ ನೋಡಿ, "ಭಾಳ ಗಟ್ಟಿ ಇದ್ದೀರಿ ಬಿಡ್ರಿ ಯವ್ವಾ" ಎನ್ನುತ್ತ ಒಳಗೆ ಬಂದ.

ಅವನ ಮೊದಲ ಚಿತ್ರದ ಮೇಲ್ಭಾಗ ಬೇರೆ ಯಾರದೋ ಆಗಿತ್ತು. ಈಗ ತೆಗೆದದ್ದರಲ್ಲಿ ಬಲ ಶ್ವಾಸಕೋಶದ ಮೇಲೆ ಮಬ್ಬು ಮಚ್ಚೆ ಕಂಡಿತು. ಕಫದ ಪರೀಕ್ಷೆಯಲ್ಲಿ ಕ್ಷಯ ಎಂದಾಯಿತು. ಮನೆಯಲ್ಲಿ ಎಳೆ ಕೂಸು ಇತ್ತಂತೆ. ಔಷಧ ಅವತ್ತೇ ಶುರುವಾಯಿತು. ಕೂಸಿಗೆ ಏನೂ ಆಗಿರಲಿಲ್ಲ, ಅವನೂ ಗುಣವಾದ.

ಹುಸೇನಪ್ಪನನ್ನು ಕರೆತಂದ ದಿನ ಸಂಜೆ ರಾಯಚೂರಿಗೆ ಮರಳುವ ಬಸ್ಸಿನಲ್ಲಿ ನಾನು, "ಕೆಲಸ ಮುಗೀತಲ್ಲ ಮೇಡಂ" ಎಂದೆ. "ಇದ ಕಾರ್ಡು ಇನ್ನೆಷ್ಟು ದವಾಖಾನ್ಯಾಗ ಅದನೋ ಏನೋ" ಎಂದು ಕಿಟಕಿಯತ್ತ ತಿರುಗಿದರು.

ಆ ವಾರವೇ ಡ್ರೈವರ್ ತಿದ್ದಿದರು. ಕಾರ್ಡಿನ ಮಿತಿ ಎಷ್ಟೆಂದು ಕರ್ನಲ್ಲಿಗೆ ನಿಜ ಹೇಳಿದರೆ ಸಾಕು. ಕಾರ್ಡು ತನಗೆ ಎಟುಕುವ ಜಾಗದಲ್ಲಿ ಚಿತ್ರ ಇಳಿಸುತ್ತದೆ, ಅಲ್ಲಿಂದ ಕರ್ನಲ್ ಅದನ್ನು ನಕಲು ಮಾಡಿ ಮೇಲಿನ ಜಾಗಕ್ಕೆ ಮುಟ್ಟಿಸುತ್ತದೆ. ಅಂಥ ಜಾಗ ಸಿಗದೇ ಹೋದರೆ? ಅಲ್ಲಿ ಮೇಡಂ ಇನ್ನೊಂದು ತಪಾಸಣೆ ಸೇರಿಸಿದರು: ಚಿತ್ರವನ್ನೇ ಕೊಡಬೇಡ, ಆಗಲಿಲ್ಲ ಎಂದು ಹೇಳು. ತಿದ್ದಿದ್ದನ್ನು ಕರ್ನಲ್ಲಿಗೆ ಸೇರಿಸಲು ಕಳಿಸಿದಾಗ ದೂರದೇಶದ ಪರಿಶೀಲಕನೊಬ್ಬ, ನಕಲು ಮಾಡುವುದರಿಂದ ವೇಗ ಕಡಿಮೆಯಾಗುತ್ತದೆ ಎಂದು ಆಕ್ಷೇಪಿಸಿದ. ಮೇಡಂ ಅವನಿಗೆ ತಾಳಿಯ ಕಥೆ ಬರೆದು, ನಿಧಾನ ಬಂದರೂ ಅದೇ ಮನುಷ್ಯನ ಎದೆ ಬರಲಿ ಎಂದು ಮುಗಿಸಿದರು. ಅವನು ಒಪ್ಪಿಕೊಂಡ.

ನಿವೃತ್ತಿಯಾದ ಮೇಲೆ ಅವರು ಮಾನ್ವಿಯಲ್ಲಿ ತಂಗಿಯ ಮನೆಗೆ ಹೋಗಿ ಇದ್ದರು. ಮೂತ್ರಪಿಂಡ ಸೋತಿತ್ತು. ಕೊನೆಯ ಸಲ ನಾನು ಹೋದಾಗ ಗೋಡೆಗೊರಗಿ ಕೂತು ಲ್ಯಾಪ್‌ಟಾಪ್ ನೋಡುತ್ತಿದ್ದರು. ಕೈಬೆರಳು ಊದಿದ್ದವು. ಪರದೇಶದ ಹುಡುಗಿಯೊಬ್ಬಳು ಪತ್ರ ಬರೆದಿದ್ದಳು: ಆ ಎಕ್ಸ್‌ರೇ ಕಾರ್ಡು ಈಗ ಎಲ್ಲೂ ಬಳಕೆಯಲ್ಲಿಲ್ಲ, ಅದರ ಡ್ರೈವರನ್ನೇ ಕರ್ನಲ್ಲಿನಿಂದ ತೆಗೆದುಹಾಕೋಣ, ಅದನ್ನು ತಿದ್ದಿದವರು ನೀವಾದ್ದರಿಂದ ನಿಮ್ಮ ಒಪ್ಪಿಗೆ ಬೇಕು.

ನನಗೆ ಕಸಿವಿಸಿಯಾಯಿತು. "ಬ್ಯಾಡ ಅನ್ರಿ ಮೇಡಂ. ಇದ್ರ ಯಾರಿಗೇನು ತೊಂದ್ರಿ?"

"ತೊಂದ್ರಿ ಅದಪ್ಪ. ಕರ್ನಲ್ ಬದಲಾದಾಗೆಲ್ಲ ಯಾರೋ ಒಬ್ರು ಇದನ್ನೂ ಓದಿ ತಿದ್ದಬೇಕು. ಆ ಹುಡುಗಿ ಭಾಳ ಚಲೋ ಹುಡುಕ್ಯಾಳ ನೋಡು, ಎಲ್ಲಾ ಕಡೆ ವಿಚಾರಿಸ್ಯಾಳ. ನಿನಗಿಂತ ಚಲೋ ಕೆಲಸ" ಎಂದು ನಕ್ಕು, ಒಂದೊಂದೇ ಅಕ್ಷರ ಒತ್ತಿ ಒಪ್ಪಿಗೆ ಬರೆದರು. ಕೆಳಗೆ ತಮ್ಮ ಹೆಸರು ಹಾಕಿದರು. ಆಮೇಲೆ ತಂಗಿಯನ್ನು ಕರೆದು, "ಶರಣುಗ ಉಣ್ಣಾಕ ಹಾಕು, ಬಸ್ಸಿಗೆ ಹೊತ್ತಾಗ್ತದ" ಎಂದರು.

ಮುಂದಿನ ತಿಂಗಳು ತಂಗಿಯ ಫೋನ್ ಬಂದಾಗ ನಾನು ತರಗತಿಯಲ್ಲಿದ್ದೆ.

ಹೊಸ ಕರ್ನಲ್ ಬಿಡುಗಡೆಯಾದ ದಿನ ಲ್ಯಾಬಿನಲ್ಲಿ ಅದನ್ನು ಇಳಿಸಿಕೊಂಡು, ಡ್ರೈವರ್‌ಗಳ ನಡುವೆ ಮೇಡಂ ತಿದ್ದಿದ್ದ ಆ ಎಕ್ಸ್‌ರೇ ಕಾರ್ಡಿನ ಕಡತ ಹುಡುಕಿದೆ. ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿದ್ದೂ ಇನ್ನೊಮ್ಮೆ ಹುಡುಕಿದೆ. ಮುಂದಿನ ಸಾಲಿನ ಹುಡುಗಿ, "ಏನ್ ಹುಡುಕಾಕತ್ತೀರಿ ಸರ್?" ಎಂದಳು.

"ಇಲ್ಲಿ ನಮ್ಮ ಮೇಡಂ ಇದ್ರು" ಎಂದೆ.