ಸಿದ್ದಮ್ಮನ ಹೊಲಗಳ ಪಟ್ಟಿ

ಸಿದ್ದಮ್ಮ ಕಂಡುಹಿಡಿದ ದಾರಿಯನ್ನು ನಾನು ನನ್ನದೆಂದು ಹೇಳಿಕೊಂಡೆ. ಅದೂ ಅವಳ ಬೆನ್ನ ಹಿಂದೆ ಅಲ್ಲ — ಅವಳು ಪಕ್ಕದಲ್ಲೇ ನಿಂತಿದ್ದಾಗ, ಅವಳ ಬಾಯಿಂದ ಆಗಷ್ಟೇ ಬಂದ ಮಾತನ್ನು ಎತ್ತಿಕೊಂಡು. ಏಳು ವರ್ಷವಾಯಿತು. ಇವತ್ತು ಆರೋಗ್ಯ ಸಿಬ್ಬಂದಿಗೆ ನಾಯಕತ್ವ ಕಲಿಸುವ ಹುದ್ದೆಯಲ್ಲಿದ್ದೇನೆ. ಆ ಹುದ್ದೆ ನಿಂತಿರುವುದು ಆ ಸುಳ್ಳಿನ ಮೇಲೆ.

ಆಗ ನಾನು ಗಡಿಗೆ ಹತ್ತಿದ ತೆಲುಗು ಸೀಮೆಯಲ್ಲಿ, ಜಹೀರಾಬಾದಿನ ಹತ್ತಿರದ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನರ್ಸ್. ಸಿದ್ದಮ್ಮ ಪಕ್ಕದ ಹಳ್ಳಿಯ ಆಶಾ ಕಾರ್ಯಕರ್ತೆ, ಕುರಿ ಸಾಕುವ ಮನೆಯವಳು. ನಾನು ಪೇಟೆಯ ಅಂಗಡಿ ಮನೆತನದವಳು; ಕನ್ನಡ, ತೆಲುಗು, ಉರ್ದು ಮೂರೂ ಬರುತ್ತವೆಂಬ ಜಂಭ ನನಗೆ ಮೊದಲಿನಿಂದಲೂ ಇತ್ತು, ಮುಚ್ಚಿಡುವುದೇನು. ತಿಂಗಳ ಸಭೆ ನಡೆಯುತ್ತಿದ್ದುದು ತೆಲುಗಿನಲ್ಲಿ. ಸಿದ್ದಮ್ಮ ಕನ್ನಡದಲ್ಲಿ ಹೇಳುವಳು, ಅದನ್ನು ಡಾಕ್ಟರಿಗೆ ತೆಲುಗಿನಲ್ಲಿ ದಾಟಿಸುವವಳು ನಾನು.

ಕುರಿ ಹಿಂಡಿನೊಂದಿಗೆ ತಿರುಗುವ ತಾಯಂದಿರೇ ನಮ್ಮ ದೊಡ್ಡ ತಲೆನೋವು. ಲಸಿಕೆಯ ದಿನ ಹಳ್ಳಿಗೆ ಹೋದರೆ ಮನೆಗೆ ಬೀಗ. ಕೂಸು ತಾಯಿಯ ಬೆನ್ನಿಗೆ, ತಾಯಿ ಕುರಿಗಳ ಹಿಂದೆ. ನಾನು ದಾಖಲೆಯಲ್ಲಿ ‘ಊರಲ್ಲಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಸಿದ್ದಮ್ಮ ಹಾಗೆ ಬಿಡಲಿಲ್ಲ. ಗೊಬ್ಬರವಾಗಲಿ ಎಂದು ರೈತರು ಹಿಂಡನ್ನು ಕರೆಸಿ ಹೊಲದಲ್ಲಿ ತಂಗಿಸುವುದು ನಮ್ಮ ಕಡೆಯ ರೂಢಿ. ಯಾವ ವಾರ ಯಾರ ಹೊಲ ಎಂಬುದು ಮೊದಲೇ ಮಾತಾಗಿರುತ್ತದೆ. ಅವಳು ಝರಾಸಂಗಂನಿಂದ ರಾಯಿಕೋಡಿನವರೆಗೆ ಆ ರೈತರನ್ನೆಲ್ಲ ಕೇಳಿ ಒಂದು ಪಟ್ಟಿ ಮಾಡಿದಳು. ಹಿಂಡು ಏಳುವ ಮುಂಚೆ ಲಸಿಕೆ ಪೆಟ್ಟಿಗೆಯ ಸಮೇತ ನನ್ನನ್ನು ಆ ಹೊಲಕ್ಕೆ ಎಳೆದೊಯ್ಯುತ್ತಿದ್ದಳು. ನಾನು ಗೊಣಗುತ್ತ ಹೋಗುತ್ತಿದ್ದೆ. ಒಂದೇ ಹಂಗಾಮಿನಲ್ಲಿ ‘ಊರಲ್ಲಿಲ್ಲ’ ಎಂಬ ಮಾತು ದಾಖಲೆಯಿಂದ ಮಾಯವಾಯಿತು.

ಇದು ಹೇಗಾಯಿತು ಎಂದು ಡಾಕ್ಟರ್ ಸಭೆಯಲ್ಲಿ ಕೇಳಿದರು. ಸಿದ್ದಮ್ಮ ಎದ್ದು ನಿಂತು ಎಲ್ಲ ಹೇಳಿದಳು. ನಾನು ಅದನ್ನು ತೆಲುಗಿಗೆ ತಂದೆ, ಅವಳ ಹೆಸರೊಂದನ್ನು ಬಿಟ್ಟು. ಮರೆವು ಇರಬಹುದು... ಇಲ್ಲ, ಮರೆವಲ್ಲ. ಯಾಕೆಂದರೆ ಡಾಕ್ಟರ್ ಮತ್ತೆ ಕೇಳಿದರು, ಈ ಯೋಚನೆ ನಿಮ್ಮದಾ ಸಿಸ್ಟರ್ ಎಂದು. ನಾನು ಹೌದು ಎಂದೆ. ಅವಳಿಗೆ ತೆಲುಗು ತಿಳಿಯದು ಎಂಬ ಧೈರ್ಯ.

ತಾಂಡೂರಿನಲ್ಲಿ ನಾಯಕತ್ವದ ತರಬೇತಿ ನಡೆಯುವುದಿತ್ತು. ಕೇಂದ್ರಕ್ಕೆ ಒಬ್ಬರು, ನರ್ಸ್ ಆದರೂ ಸರಿ, ಆಶಾ ಆದರೂ ಸರಿ; ಅಲ್ಲಿ ಮೆಚ್ಚುಗೆ ಪಡೆದವರಿಗೆ ಬಡ್ತಿ, ಮುಂದೆ ಉಳಿದವರಿಗೆ ಕಲಿಸುವ ಕೆಲಸ. ಡಾಕ್ಟರ್ ಆ ಸಭೆಯಲ್ಲೇ ನನ್ನ ಹೆಸರು ಬರೆದರು. ಹೊರಗೆ ಬಂದ ಮೇಲೆ ಸಿದ್ದಮ್ಮ ಪಟ್ಟಿಯನ್ನು ಮಡಚಿ ನನ್ನ ಕೈಗಿಟ್ಟಳು.

“ಇದು ನಿಮ್ಮ ಹತ್ರಾನೇ ಇರ್ಲಿ ಅಕ್ಕಾರ. ಹೋಗಿ ಬರ್ರಿ.”

ಅದನ್ನು ಹಾರೈಕೆ ಎಂದುಕೊಂಡೆ — ಹಾಗೆಂದುಕೊಳ್ಳುವುದು ಅನುಕೂಲವಾಗಿತ್ತು. ತಾಂಡೂರಿನಲ್ಲಿ ಕಲಿಸುವವರು, ಕೈಕೆಳಗಿನವರ ಕೆಲಸಕ್ಕೆ ಅವರ ಹೆಸರೇ ಇರಲಿ ಎಂದಾಗ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಆದರೂ ಮಧ್ಯಾಹ್ನ ಎದ್ದು ಪಟ್ಟಿಯ ಕಥೆ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ರುಚಿಯಾಗಿತ್ತು.

ಆಮೇಲೆ ಸಿದ್ದಮ್ಮ ಸಭೆಯಲ್ಲಿ ಬಾಯಿ ತೆರೆಯಲಿಲ್ಲ. ಹೇಳಿದ ಕೆಲಸ ಮಾಡುವಳು, ಹೋಗುವಳು. ಮುಂದಿನ ಹಂಗಾಮಿಗೆ ಹೊಸ ಪಟ್ಟಿ ಬೇಕಿತ್ತು. ನನಗೆ ಆ ರೈತರ ಪರಿಚಯವಿಲ್ಲ, ಅವಳನ್ನು ಕೇಳುವ ಮುಖವಿಲ್ಲ. ಕೂಸುಗಳು ಲಸಿಕೆಯಿಲ್ಲದೆ ಹಿಂಡಿನ ಹಿಂದೆ ಹೋದವು. ‘ಊರಲ್ಲಿಲ್ಲ’ ಎಂದು ನಾನೇ ಮತ್ತೆ ಬರೆದೆ. ಅಷ್ಟರಲ್ಲಿ ನನಗೆ ಬಡ್ತಿಯ ಆದೇಶ ಬಂತು, ಕೇಂದ್ರ ಬಿಟ್ಟು ಹೋದೆ.

ಕಳೆದ ತಿಂಗಳು ಅವಳ ಮನೆಗೆ ಹೋಗಿ, ಮಾಡಿದ್ದನ್ನು ಒಪ್ಪಿಕೊಂಡೆ. ನಾರಾಯಣಖೇಡದಲ್ಲಿ ನಾನು ನಡೆಸಲಿದ್ದ ತರಬೇತಿಗೆ ಬಂದು ನೀನೇ ಕಲಿಸು ಎಂದೆ. ಅವಳು ಕುರಿಮರಿಯೊಂದರ ಕಾಲು ನೋಡುತ್ತಿದ್ದಳು. ಅದನ್ನು ಬಿಟ್ಟು ಕೈ ಒರೆಸಿಕೊಂಡಳು.

“ನನಗ ಆವತ್ತೇ ಗೊತ್ತಿತ್ರಿ. ತೆಲುಗು ತಿಳೀತದ, ಮಾತಾಡಾಕಷ್ಟೇ ಹೆದರ್ತಿದ್ದೆ. ಡಾಕ್ಟರ್ ಎರಡನೇ ಸಲ ಕೇಳಿದಾಗಾದ್ರೂ ನನ್ನ ಹೆಸರು ಹೇಳ್ತೀರಿ ಅಂತ ನಿಂತಿದ್ದೆ.”

ಏಳು ವರ್ಷ ಅವಳಿಗೆ ತಿಳಿದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ಚಹಾ ಕುಡೀರಿ ಎಂದು ಕರೆದವಳು... ತರಬೇತಿಗೆ ಬರುತ್ತೇನೆ ಎಂದಳು, ಆದರೆ ಒಂದು ಕರಾರು ಹಾಕಿದಳು: “ನನ್ನ ಮಾತು ನಾನೇ ಹೇಳ್ತೀನಿ. ನೀವು ನಡುವ ಬರಬ್ಯಾಡ್ರಿ.”

ನಾರಾಯಣಖೇಡದಲ್ಲಿ ಕೊನೆಯ ಸಾಲಿನಲ್ಲಿ ಕೂತೆ. ಅವಳ ತೆಲುಗು ತಡವರಿಸುತ್ತಿತ್ತು. ಹಿಂಡು ತಂಗುವುದು ಎನ್ನಲು ತೆಲುಗು ಮಾತು ಸಿಗದೆ ನಿಂತಾಗ ಆ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು, ತುಟಿ ಕಚ್ಚಿಕೊಂಡೆ. ಮುಂದಿನ ಸಾಲಿನ ಒಬ್ಬಳು ನೆರವಾದಳು, ಸಿದ್ದಮ್ಮ ಮುಂದುವರಿದಳು. ಕೊನೆಗೆ ಯಾರೋ ಕೇಳಿದರು, ಇಷ್ಟು ಮಾಡಿದಿರಲ್ಲ, ಈಗ ಯಾವ ಹುದ್ದೆಯಲ್ಲಿದ್ದೀರಿ ಎಂದು.

“ಆಶಾ,” ಎಂದಳು. ನನ್ನ ಕಡೆ ನೋಡಲಿಲ್ಲ.

ಅವಳ ಮಾತು ಮುಗಿದಿತ್ತು, ನನ್ನದು ಬಾಕಿ ಇತ್ತು. ಎದ್ದು ನಿಂತು, ಅವಳ ಹೆಸರಿನಿಂದಲೇ ಶುರುಮಾಡಿ, ಇಲ್ಲಿ ಬರೆದದ್ದನ್ನೆಲ್ಲ ತೆಲುಗಿನಲ್ಲಿ ಹೇಳಿದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.